ಹಳಿಯ ಈಚೆಗಿನ ಗಾಳಿ

ಡ್ರೈ ಫೋರ್ಕ್ ಊರಿನ ಹೊಸ ಸಭಾಭವನಕ್ಕೆ ಬಣ್ಣ ಬಳಿದಾಗಿತ್ತು, ಕುರ್ಚಿಗಳು ಬಂದಾಗಿತ್ತು, ಶನಿವಾರದ ಊಟಕ್ಕೆ ನೂರಾ ಇಪ್ಪತ್ತು ಮಂದಿ ಮುದುಕ ಮುದುಕಿಯರು ಹೆಸರು ಬರೆಸಿಯೂ ಆಗಿತ್ತು. ಆಗದೆ ಉಳಿದದ್ದು ಇನೆಜ್ ಕರಾಸ್ಕೊಳ ಸಹಿ ಒಂದೇ. ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ಹಳದಿ ತಪಾಸಣೆ ಕಾರ್ಡಿನ ಕೊನೆಯ ಖಾನೆ ಮೂರು ವಾರದಿಂದ ಖಾಲಿ ಬಿದ್ದಿತ್ತು.

ಇನೆಜ್ ಕಟ್ಟಡ ತಪಾಸಣೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳು. ನಿವೃತ್ತಿಗೆ ಇನ್ನು ಒಂಬತ್ತೇ ತಿಂಗಳು. ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವರು ಬಾಯಿ ಮುಚ್ಚಿಕೊಂಡು ಸಹಿ ಹಾಕಿ ಮನೆಗೆ ಹೋಗುತ್ತಾರೆ. ಇವಳಿಗೆ ಅದೊಂದು ಬುದ್ಧಿ ಬರಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಮೇಲಧಿಕಾರಿ ಪೆಟಿಗ್ರೂ ಅವಳನ್ನು ಕರೆಸಿಕೊಂಡ. ಕರಾವಳಿಯ ಕಡೆಯಿಂದ ಬಂದು ಎರಡು ವರ್ಷವಾಗಿತ್ತು. ಒಳ್ಳೆಯವನೇ, ಆದರೆ ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವನು. ಮೇಜಿನ ಮೇಲೆ ಗಾಳಿಯ ನಕ್ಷೆ ಹರಡಿತ್ತು. ಅದರಲ್ಲಿ ರೈಲು ಹಳಿಯ ಉದ್ದಕ್ಕೂ ಒಂದು ಗೆರೆ. ಹಳಿಯ ಆಚೆ, ಬೆಟ್ಟದ ಕಡೆ, ಗಂಟೆಗೆ ನೂರಾ ಮೂವತ್ತು ಮೈಲಿ ಗಾಳಿಗೆ ತಡೆಯುವಂತೆ ಕಟ್ಟಬೇಕು. ಈಚೆ, ಮರುಭೂಮಿಯ ಕಡೆ, ತೊಂಬತ್ತೈದು ಸಾಕು. ಸಭಾಭವನ ಹಳಿಯಿಂದ ಇನ್ನೂರು ಅಡಿ ಈಚೆಗಿತ್ತು.

"ಇನೆಜ್, ನಕ್ಷೆ ನೋಡಿ. ತೊಂಬತ್ತೈದು. ಜಂತಿಗಳಿಗೆ ಮೊಳೆ ಹೊಡೆದಿದ್ದಾರೆ, ಅಷ್ಟಕ್ಕೆ ಅದು ಸಾಕು. ನೀವು ಕೇಳ್ತಿರೋ ಉಕ್ಕಿನ ಪಟ್ಟಿ ಯಾವ ಕಾಗದದಲ್ಲೂ ಇಲ್ಲ."

"ಬೆಟ್ಟದಿಂದ ಇಳಿಯೋ ಗಾಳಿ ಹಳಿ ಹತ್ರ ನಿಂತು ಟಿಕೆಟ್ ತಗೊಳ್ಳುತ್ತಾ ಸರ್, ಈಚೆ ಬರೋಕೆ?"

"ತಮಾಷೆ ಬೇಡ."

"ನಾನೂ ತಮಾಷೆ ಮಾಡ್ತಿಲ್ಲ. ಆ ಭವನ ಕಣಿವೆ ಬಾಯಿಗೆ ಎದುರಾಗೇ ಕೂತಿದೆ. ನಕ್ಷೆ ಕೆಳಗಿನ ಸಣ್ಣಕ್ಷರ ಓದಿ. ಕಣಿವೆ ಬಾಯಲ್ಲಿ ಈ ಅಂಕಿ ನಂಬಬೇಡಿ, ಸ್ಥಳೀಯ ಅಧಿಕಾರಿ ಖುದ್ದಾಗಿ ನೋಡಿ ನಿರ್ಧರಿಸ್ಬೇಕು ಅಂತಿದೆ."

ಪೆಟಿಗ್ರೂ ಓದಿದ. ಕನ್ನಡಕ ತೆಗೆದ. "ಸ್ಥಳೀಯ ಅಧಿಕಾರಿ ಅಂದ್ರೆ ನಾನು."

"ಹಾಗಾದ್ರೆ ಬಂದು ನೋಡಿ. ಮೂರು ಸಲ ಬರೆದು ಕೊಟ್ಟಿದ್ದೀನಿ, ಒಂದು ಸಲಾನೂ ಬರ್ಲಿಲ್ಲ."

ಅವನ ಮುಖ ಕೆಂಪಾಯಿತು. "ಬರ್ತೀನಿ. ಮಧ್ಯಾಹ್ನ ಬಂದು ನಾನೇ ಸಹಿ ಹಾಕ್ತೀನಿ. ಸೋಮವಾರದಿಂದ ನಿಮಗೆ ತಪಾಸಣೆ ಕೆಲಸ ಇಲ್ಲ, ಕಡತ ಜೋಡಿಸೋಕೆ ಕೂತ್ಕೊಳ್ಳಿ."

ಇನೆಜ್‌ಗೆ ಕಡತ ಜೋಡಿಸುವ ಅವಮಾನಕ್ಕಿಂತ ಆ ನೂರಾ ಇಪ್ಪತ್ತು ತಲೆಗಳ ಭಯವೇ ದೊಡ್ಡದಾಗಿತ್ತು. ಅಲ್ಲಿ ಊಟಕ್ಕೆ ಕೂರುವವರಲ್ಲಿ ಅರ್ಧ ಜನ ಅವಳನ್ನು ಎತ್ತಿ ಆಡಿಸಿದವರು.

ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ನೆತ್ತಿಯ ಮೇಲೆ ಮೋಡ ಚಪ್ಪಟೆಯಾಗಿ ಕೂತಿತು. ಊರಿನವರು ಅದನ್ನು ನೋಡಿ ಬಟ್ಟೆ ಒಳಗೆ ತಂದರು. ಎರಡು ಗಂಟೆಗೆಲ್ಲ ಕಣಿವೆ ಊದತೊಡಗಿತು. ಖಾಲಿ ಪೀಪಾಯಿಗಳು ರಸ್ತೆಯಲ್ಲಿ ಉರುಳಿದವು. ಪೆಟಿಗ್ರೂ ಇನೆಜ್ ಜೊತೆ ಭವನದ ಮುಂದೆ ಕಾರಿನಿಂದ ಇಳಿಯುವಾಗ ಬಾಗಿಲು ಅವನ ಕೈ ಕಿತ್ತುಕೊಂಡಂತೆ ತೆರೆದುಕೊಂಡಿತು.

ಕಟ್ಟಡದ ಗುತ್ತಿಗೆದಾರ ಡ್ವೈಟ್ ಹಾಲೊಮ್ ಭವನದೊಳಗೆ ಕಾಯುತ್ತಿದ್ದ. ಅವನೂ ಇನೆಜೂ ಒಂದೇ ಶಾಲೆ, ಒಂದೇ ಬೆಂಚು.

"ಬಾರಮ್ಮ ಮಹಾರಾಣಿ," ಅಂದ. "ಇವತ್ತಾದ್ರೂ ನನ್ನ ಪ್ರಾಣ ಬಿಡ್ತೀಯಾ?"

"ನಿನ್ನ ಪ್ರಾಣ ಯಾರಿಗೆ ಬೇಕೋ? ನಂಗೆ ಪಟ್ಟಿ ಬೇಕು. ಗೋಡೆಗೂ ಜಂತಿಗೂ ಬಿಗಿಯೋ ಪಟ್ಟಿ."

"ನಲವತ್ತು ವರ್ಷದಿಂದ ಮೊಳೆ ಹೊಡೀತಿದ್ದೀನಿ ಕಣೆ. ಒಂದು ಚಾವಣಿನೂ ಕೆಳಗೆ ಬಿದ್ದಿಲ್ಲ."

"ಕೆಳಗೆ ಬೀಳೋ ಚಾವಣಿ ಬಗ್ಗೆ ನಾನು ಯಾವಾಗ ಮಾತಾಡ್ದೆ? ಮೇಲೆ ಹೋಗೋದರ ಬಗ್ಗೆ ಹೇಳ್ತಿರೋದು."

ಪೆಟಿಗ್ರೂ ಮೊಳೆಯಿಂದ ಕಾರ್ಡ್ ತೆಗೆದುಕೊಂಡು ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದ. ಅಷ್ಟರಲ್ಲಿ ಗಾಳಿ ಬೆಟ್ಟದ ಕಡೆಯ ದೊಡ್ಡ ಬಾಗಿಲಿಗೆ ಧಡ್ಡೆಂದು ಗುದ್ದಿತು. ಬಾಗಿಲು ನಡುಗಿತು. ಡ್ವೈಟ್ ಅತ್ತ ಓಡಿದ.

ಇನೆಜ್‌ಗೆ ಅವನು ಮಾಡಹೊರಟದ್ದು ಕೂಡಲೇ ತಿಳಿಯಿತು. ಡ್ರೈ ಫೋರ್ಕ್‌ನಲ್ಲಿ ಹುಟ್ಟಿದವರೆಲ್ಲ ಅದನ್ನೇ ಮಾಡುತ್ತಾರೆ. ದೊಡ್ಡ ಗಾಳಿ ಬಂದರೆ ಅದಕ್ಕೆ ಎದುರಾದ ಬಾಗಿಲು ತೆರೆದು ದಾರಿ ಬಿಡಬೇಕು, ಒಳಹೊಕ್ಕು ಸುಮ್ಮನೆ ಹೋಗುತ್ತದೆ ಎಂದು ತಾತಂದಿರ ಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಅವಳಿಗೆ ಒಂಬತ್ತು ವರ್ಷವಿದ್ದಾಗ ಅವಳ ಅಪ್ಪನೂ ಹಾಗೇ ಬಾಗಿಲು ತೆರೆದಿದ್ದ. ಒಳಹೊಕ್ಕ ಗಾಳಿ ಹೊರಗೆ ಹೋಗಲಿಲ್ಲ. ಕಾಗದದ ಚೀಲಕ್ಕೆ ಊದಿದ ಹಾಗೆ ಮನೆ ಉಬ್ಬಿ, ಚಾವಣಿ ಇಡಿಯಾಗಿ ಎದ್ದು ಬಾವಿಯ ಮೇಲೆ ಬಿದ್ದಿತ್ತು. ಅಪ್ಪ ಬದುಕಿದ. ಎಡಗೈ ಮತ್ತೆ ಎತ್ತಲಿಲ್ಲ. ಅಲ್ಲಿಯವರೆಗೆ ಆ ಕೈಯಲ್ಲೇ ಅವನು ಅವಳ ಜಡೆ ಹಿಡಿದು ಬಾಚುತ್ತಿದ್ದ.

"ಡ್ವೈಟ್, ತೆಗೀಬೇಡ," ಎಂದು ಅವಳು ಕೂಗಿದಳು.

"ದಾರಿ ಬಿಡದಿದ್ರೆ ಬಾಗಿಲೇ ಹೋಗುತ್ತೆ ಮಾರಾಯ್ತಿ," ಎಂದ ಡ್ವೈಟ್ ಅಗುಳಿ ಎಳೆದ.

ಗಾಳಿ ಮರಳಿನ ಸಮೇತ ಒಳನುಗ್ಗಿತು. ಕುರ್ಚಿಗಳು ಮಗುಚಿದವು. ಪೆಟಿಗ್ರೂನ ಕೈಯಲ್ಲಿದ್ದ ಕಾರ್ಡ್ ಹಾರಿ ಹಿಂಗೋಡೆಗೆ ಬಡಿದು ಮೇಲಕ್ಕೇರಿತು. ಆಮೇಲೆ ಜಂತಿಗಳಿಂದ ಮೊಳೆ ಕಿರುಗುಟ್ಟುವ ಸದ್ದು ಬಂತು. ಮೂವರೂ ತಲೆ ಎತ್ತಿದರು. ಹಿಂಗೋಡೆಗೂ ಚಾವಣಿಗೂ ನಡುವೆ ಬೆಳಕಿನ ಗೆರೆಯೊಂದು ಕಂಡಿತು. ಅದು ಬೆರಳಗಲವಾಯಿತು. ಅದರಾಚೆ ಆಕಾಶವಿತ್ತು.

ಬೀಸು ಒಂದು ಕ್ಷಣ ಸಡಿಲಿತು. ಚಾವಣಿ ದಡಾರನೆ ಗೋಡೆಯ ಮೇಲೆ ಕೂತಿತು, ಬೆಳಕು ಮಾಯವಾಯಿತು.

"ಮುಚ್ಚೋಕೆ ಬನ್ನಿ," ಎಂದು ಇನೆಜ್ ಬಾಗಿಲಿಗೆ ಹೆಗಲು ಕೊಟ್ಟಳು. ಮೇಲಧಿಕಾರಿ, ಗುತ್ತಿಗೆದಾರ, ಅವಳು, ಮೂವರೂ ಬೂಟು ಜಾರಿಸಿಕೊಂಡು ತಳ್ಳಿದರು. ಅಗುಳಿ ಬೀಳುವ ಹೊತ್ತಿಗೆ ಪೆಟಿಗ್ರೂನ ಕನ್ನಡಕ ಎಲ್ಲಿ ಹೋಯಿತೋ ಗೊತ್ತಿರಲಿಲ್ಲ.

ಡ್ವೈಟ್ ಮಗುಚಿದ ಕುರ್ಚಿಯೊಂದನ್ನು ಎತ್ತಿ ನಿಲ್ಲಿಸಿ ಅದರ ಮೇಲೇ ಕುಸಿದು ಕೂತ. ಅವನ ತುಟಿ ಬಿಳಿಚಿತ್ತು.

"ನಮ್ಮಮ್ಮ ನಾಳೆ ಆ ಮೂಲೇಲಿ ಕೂರ್ತಿದ್ಲು," ಅಂದ.

"ಗೊತ್ತು. ಊಟಕ್ಕೆ ನಾನೇ ಅವಳ ಹೆಸರು ಬರ್ಕೊಂಡಿದ್ದು."

ಪೆಟಿಗ್ರೂ ನೆಲ ತಡಕಾಡಿದ. "ಕಾರ್ಡ್ ಎಲ್ಲಿ?"

ಇನೆಜ್ ಹಿಂಗೋಡೆಯ ಮೇಲೆ ತೋರಿಸಿದಳು. ಗೋಡೆಯ ತುದಿಗೂ ಜಂತಿಗೂ ನಡುವೆ, ಒಂದು ಕೂದಲೂ ತೂರದ ಸಂದಿಯಲ್ಲಿ, ಹಳದಿ ಕಾರ್ಡ್ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಬಿದ್ದಿತ್ತು.

"ತೆಗ್ದು ಸಹಿ ಹಾಕಿ ಸರ್," ಅಂದಳು. "ಚಾವಣಿ ಇನ್ನೊಂದ್ಸಲ ಎತ್ತಿದ್ರಾಯ್ತು. ಬಾಗ್ಲು ತೆಗೀಲಾ?"

ಇನೆಜ್ ಚೀಲದಿಂದ ಮಡಿಸಿಟ್ಟ ಕೆಂಪು ಕಾಗದ ತೆಗೆದಳು. ಈ ಕಟ್ಟಡದೊಳಗೆ ಯಾರೂ ಕಾಲಿಡಕೂಡದು ಎಂಬ ನೋಟಿಸು. ಮೂರು ವಾರದಿಂದ ಅವಳ ಚೀಲದಲ್ಲೇ ಇತ್ತು, ಮೂಲೆ ಸವೆದಿತ್ತು.

"ಸೋಮವಾರದಿಂದ ಕಡತ ಜೋಡಿಸ್ತೀನಿ, ಅದೇನೂ ತೊಂದ್ರೆ ಇಲ್ಲ. ಆದ್ರೆ ಇದನ್ನ ಇವತ್ತು ಬಾಗಿಲಿಗೆ ಹಚ್ಚದೆ ನಾನು ಇಲ್ಲಿಂದ ಕದಲಲ್ಲ. ಸಹಿ ನಿಮ್ಮದೇ ಆಗ್ಬೇಕು. ಸ್ಥಳೀಯ ಅಧಿಕಾರಿ ನೀವೇ ತಾನೇ?"

ಡ್ವೈಟ್ ಕೂತಲ್ಲಿಂದಲೇ ಕೇಳಿದ: "ಎಷ್ಟು ಪಟ್ಟಿ ಬೇಕು ಇನೆಜ್?"

"ಇನ್ನೂರ ಹದಿನಾಲ್ಕು. ಸೋಮವಾರವೇ ಶುರು ಮಾಡು."

ಪೆಟಿಗ್ರೂ ಕಾಗದವನ್ನು ಗೋಡೆಗೆ ಒತ್ತಿ ಹಿಡಿದ. ಗೋಡೆ ಇನ್ನೂ ಅದುರುತ್ತಿತ್ತು, ಪೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹೆಸರು ಬರೆದ, ತಾರೀಖು ಬರೆದ, ಆಮೇಲೆ ತಡೆದ.

"ಕಾರಣ ಅನ್ನೋ ಕಡೆ ಏನು ಬರೀಲಿ? ನಕ್ಷೆ ಪ್ರಕಾರ..."

"ನಕ್ಷೆ ಬಿಡಿ ಸರ್. ಈಗ ನೋಡಿದ್ರಲ್ಲ, ಅದನ್ನ ಬರೀರಿ."

ಅವನು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಒಮ್ಮೆ ಹಿಂಗೋಡೆಯ ಹಳದಿ ಚೂರನ್ನು ನೋಡಿದ. ನಂತರ ಬರೆದ: 'ಒಳಗೆ ನಿಂತು ಆಕಾಶ ನೋಡಿದೆ.'