ಹಾಲಿನಲ್ಲಿ ಕಲಸಿದ ಚಪಾತಿ

ಮೊನ್ನೆ ಮಾಡಿಟ್ಟ ಚಪಾತಿಯೊಂದನ್ನು ನಾಗಮಣಿಯವರು ಡಬ್ಬದಿಂದ ತೆಗೆದು, ನಾಲ್ಕು ಮಡಿಕೆ ಮಡಿಸಿ ನೋಡಿದರು. ಮುರಿಯಲಿಲ್ಲ. ಬಿಚ್ಚಿ, ಇನ್ನೊಂದು ಕಡೆಗೆ ಮಡಿಸಿದರು. ಆಗಲೂ ಮುರಿಯಲಿಲ್ಲ.

"ನೋಡು ಅರ್ಪಿತಾ, ನೀರು ಸೋಕಿಸಬಾರ್ದು, ಬರೀ ಹಾಲಲ್ಲೇ ಕಲಸ್ಬೇಕು. ಇಲ್ಲಿನ ಹಾಲು ಹೇಗೋ ಏನೋ ಅಂದ್ಕೊಂಡಿದ್ದೆ. ಪರವಾಗಿಲ್ಲ, ಚಪಾತಿ ಬರ್ಲಿನ್‌ವರೆಗೂ ಬರುತ್ತೆ."

ಅರ್ಪಿತಾ "ಹೂಂ ಅತ್ತೆ" ಎಂದು ಬ್ಯಾಗು ಇಳಿಸಿದಳು. ಕೋಟು ಬಿಚ್ಚುವುದಕ್ಕೂ ಅವಳಿಗೆ ಮನಸ್ಸಾಗಲಿಲ್ಲ. ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲೇ ವೀಸಾ ಕೇಂದ್ರದ ಹೆಂಗಸು ಬೆಣ್ಣೆಯಂಥ ದನಿಯಲ್ಲಿ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ನಿಮ್ಮ ಅತ್ತೆ ಐರ್ಲೆಂಡಿಗೆ ಬರೀ ನೋಡಲು ಬಂದವರು, ಇಲ್ಲಿ ನೆಲೆಸಿದವರಲ್ಲ. ಅವರ ಅರ್ಜಿಯನ್ನು ನಾವಿಲ್ಲಿ ತೆಗೆದುಕೊಳ್ಳುವುದಿಲ್ಲ, ಭಾರತದಲ್ಲೇ ವೀಸಾ ಮಾಡಿಸಿಕೊಂಡು ಹೊರಡಬೇಕಿತ್ತು.

ಐರ್ಲೆಂಡಿನ ವೀಸಾ ಬೇರೆ, ಸಮುದ್ರದಾಚೆ ಪ್ಯಾರಿಸ್, ಬರ್ಲಿನ್ ಇರುವ ದೇಶಗಳ ವೀಸಾ ಬೇರೆ ಎನ್ನುವುದು ಅರ್ಪಿತಾಗಾಗಲಿ ಅವಳ ಗಂಡ ಲೋಹಿತ್‌ಗಾಗಲಿ ಗೊತ್ತಿರಲಿಲ್ಲವೆಂದಲ್ಲ. ತಮ್ಮಿಬ್ಬರದ್ದನ್ನು ಚಳಿಗಾಲದಲ್ಲೇ ಮಾಡಿಸಿ ಇಟ್ಟಿದ್ದರು. ಅತ್ತೆಯದು ಇಲ್ಲಿಗೆ ಬಂದ ಮೇಲೆ ಮಾಡಿಸಿದರಾಯ್ತು, ಅರಸೀಕೆರೆಯಿಂದ ಬೆಂಗಳೂರಿಗೆ ಅವರನ್ನು ಇನ್ನೊಂದು ಸಲ ಯಾಕೆ ಓಡಾಡಿಸುವುದು ಎಂದು ಅರ್ಪಿತಾಳೇ ಅಂದಿದ್ದಳು. ಅತ್ತೆಗೆ ಅನುಕೂಲವಾಗಲಿ ಎಂದು ಮಾಡಿದ್ದು ಅತ್ತೆಯ ಕಾಲಿಗೇ ತೊಡರಿತ್ತು.

ಡಬ್ಲಿನ್ನಿನ ಹೊರವಲಯದ ಬ್ಲಾಂಚರ್ಡ್ಸ್‌ಟೌನಿನ ಆ ಬಾಡಿಗೆ ಮನೆಯಲ್ಲಿ ನಾಗಮಣಿಯವರು ಬಂದಿಳಿದ ದಿನದಿಂದ ಸಂಜೆಯಾದರೆ ಈ ಪ್ರವಾಸದ್ದೇ ಮಾತು. ವಿಮಾನದಲ್ಲಿ ಪ್ಯಾರಿಸ್, ಅಲ್ಲಿಂದ ಮುಂದಕ್ಕೆಲ್ಲ ರೈಲು. ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕೊನೆಗೆ ಬರ್ಲಿನ್. ಲೋಹಿತ್ ಲ್ಯಾಪ್‌ಟಾಪ್ ತೆರೆದು ರಾತ್ರಿ ರೈಲೊಂದನ್ನು ತೋರಿಸಿದಾಗ ಅವರು ಒಪ್ಪಿರಲಿಲ್ಲ. "ಮಲಗಿಕೊಂಡು ಹೋಗೋದಾದ್ರೆ ಇಲ್ಲೇ ಮಲಗಬಹುದಲ್ಲ. ಹಗಲು ಗಾಡಿ ನೋಡು. ಕಿಟಕಿ ಪಕ್ಕ." ಕಿಟಕಿ ತೆಗೆಯಲು ಬರುತ್ತದೆಯೇ, ಸ್ಟೇಷನ್ನಿನಲ್ಲಿ ಇಳಿದು ನೀರು ಹಿಡಿದುಕೊಳ್ಳುವಷ್ಟು ಹೊತ್ತು ನಿಲ್ಲುತ್ತದೆಯೇ, ಎದುರಿಗೆ ಕೂತವರಿಗೆ ಒಂದು ಚಪಾತಿ ಕೊಟ್ಟರೆ ತಪ್ಪು ತಿಳಿಯುತ್ತಾರೆಯೇ? ಎಲ್ಲಕ್ಕೂ ಮಗ ಇಲ್ಲಿನವರ ಹಾಗೆ "ಗ್ರ್ಯಾಂಡ್ ಅಮ್ಮ, ಎಲ್ಲಾ ಗ್ರ್ಯಾಂಡ್" ಎನ್ನುತ್ತಿದ್ದ. ಆ ಪದಕ್ಕೆ ಅರ್ಥ ಇದೆಯೋ ಇಲ್ಲವೋ ಎಂದು ಅವರು ಸೊಸೆಯನ್ನು ಕೇಳಿದ್ದರು.

ರೈಲಿನ ಮೇಲೆ ಅವರಿಗೆ ಇಷ್ಟೊಂದು ಆಸೆ ಯಾಕೆಂದು ಅರ್ಪಿತಾಗೆ ಗೊತ್ತಾದದ್ದು ಹೋದ ವಾರ, ಬಟಾಣಿ ಬಿಡಿಸುತ್ತಾ ಕೂತಾಗ. ಅರಸೀಕೆರೆ ಜಂಕ್ಷನ್. ನಾಗಮಣಿಯವರ ಗಂಡನ ಬಳಗ ದೊಡ್ಡದು. ಯಾವ ನೆಂಟರ ರೈಲು ಆ ದಾರಿಯಲ್ಲಿ ಹಾದರೂ ಮನೆಯಿಂದ ಬುತ್ತಿ ಹೋಗಲೇಬೇಕು. ಚಪಾತಿ, ಚಟ್ನಿಪುಡಿ, ಹುಳಿಯಾಗದಂತೆ ಹಾಲು ಹಾಕಿ ಕಲಸಿದ ಮೊಸರನ್ನ. ಅದನ್ನು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವುದು, ಬೋಗಿ ಹುಡುಕಿ ಓಡುವುದು, ಕಿಟಕಿಯಲ್ಲಿ ಕೊಡುವುದು, ರೈಲು ಹೊರಡುವುದು. ಬೇಸಿಗೆ ರಜೆಯಲ್ಲಿ ಗಂಡ, ನಾದಿನಿಯರು, ಮಗ ಎಲ್ಲರೂ ಪ್ರವಾಸ ಹೊರಟಾಗಲೂ ಅಷ್ಟೇ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಇರಬೇಕಲ್ಲ. ಆ ಒಬ್ಬರು ಯಾರೆಂದು ಯಾವತ್ತೂ ಚರ್ಚೆಯೇ ಆಗಲಿಲ್ಲ.

"ರೈಲು ಹತ್ತೇ ಇಲ್ಲ ಅಂತಲ್ಲ, ಮದುವೆಗೆ, ಆಸ್ಪತ್ರೆಗೆ ಹತ್ತಿದೀನಿ" ಎಂದಿದ್ದರು ಅವರು. "ಸುಮ್ನೆ ನೋಡ್ಕೊಂಡು ಹೋಗೋಕೆ ಹತ್ತಿಲ್ಲ. ಕಿಟಕಿಯೊಳಗಿಂದ ಕೈ ಚಾಚಿ ಇಸ್ಕೊಳ್ಳೋರು. ನಿಂದು ಊಟ ಆಯ್ತಾ ಅಂತ ಯಾರೂ ಕೇಳ್ತಿರ್ಲಿಲ್ಲ. ಅವರದ್ದೇನು ತಪ್ಪು, ಟೈಮೇ ಇರ್ತಿರ್ಲಿಲ್ಲ."

ಬೇಜಾರಿನಿಂದಲ್ಲ, ಯಾರದೋ ಮನೆಯ ಸುದ್ದಿ ಹೇಳಿದಷ್ಟು ಹಗುರವಾಗಿ ಹೇಳಿದ್ದರು. ಅದಕ್ಕೇ ಅರ್ಪಿತಾಗೆ ಈಗ ಬಾಯಿ ತೆರೆಯುವುದು ಇಷ್ಟು ಕಷ್ಟವಾದದ್ದು. ಲೋಹಿತ್ ಬರಲಿ, ಅವನೇ ಹೇಳಲಿ ಎಂದುಕೊಂಡಳು. ಆದರೆ ತಪ್ಪು ತನ್ನದು. ಕೋಟಿನಲ್ಲೇ ಕುರ್ಚಿಯ ಮೇಲೆ ಕೂತು, ಹೆಚ್ಚು ಸುತ್ತಿ ಬಳಸದೆ ಹೇಳಿಬಿಟ್ಟಳು.

ನಾಗಮಣಿಯವರು ಚಪಾತಿಯನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು.

"ಅಷ್ಟೇನಾ? ನಿನ್ನ ಮುಖ ನೋಡಿ ಯಾರಿಗೋ ಏನೋ ಆಯ್ತು ಅಂತ ಎದೆ ಧಸಕ್ಕಂತು."

"ನಂದೇ ತಪ್ಪು ಅತ್ತೆ. ನಾನು ಮೊದಲೇ ಕೇಳ್ಕೋಬೇಕಿತ್ತು."

"ತಪ್ಪಂತೆ ತಪ್ಪು. ನೀನೇನು ಬೇಕು ಅಂತ ಮಾಡಿದ್ಯಾ? ನೀವಿಬ್ರೂ ಹೋಗ್ಬನ್ನಿ. ಎಲ್ಲಾ ಬುಕ್ ಆಗಿದೆ. ಮನೇಲಿ ನಾನಿರ್ತೀನಿ." ಅವರು ಒಲೆಯ ಕಡೆ ತಿರುಗಿದರು. "ಬುತ್ತಿ ಕಟ್ಕೊಡ್ತೀನಿ."

ಅರ್ಪಿತಾಗೆ ಅಳು ಬಂತು. ಅತ್ತೆಯ ಬೆನ್ನು ಅವಳ ಕಡೆಗಿದ್ದದ್ದು ಒಳ್ಳೆಯದಾಯಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಈ ಹೆಂಗಸಿನ ಮೇಲೆ ಅವಳಿಗೆ ಗೌರವ ಇತ್ತು, ಆಗಾಗ ಸಿಟ್ಟೂ ಇತ್ತು. ಪ್ರೀತಿ ಇತ್ತೇ ಎಂದು ಯೋಚಿಸಿರಲಿಲ್ಲ.

ಲೋಹಿತ್ ಬಂದು ವಿಷಯ ಕೇಳಿ ಹಣೆ ಚಚ್ಚಿಕೊಂಡ. ಯಾರು ಯಾರಿಗೋ ಫೋನು ಮಾಡಿದ. ಡ್ರೋಹೆಡಾ ಊರಿನಲ್ಲಿರುವ ಅವನ ಗೆಳೆಯ ಧೀರಜ್ ಕೂಡ ಅದನ್ನೇ ಹೇಳಿದ, ಏನೂ ಮಾಡೋಕಾಗಲ್ಲ. ಊಟವಾದ ಮೇಲೆ ಕೋಣೆಯಲ್ಲಿ ಲೋಹಿತ್ ದನಿ ತಗ್ಗಿಸಿ ಅಂದ: "ಅಮ್ಮಾನೇ ಹೋಗಿ ಅಂತಿದ್ದಾಳೆ. ನಾಲ್ಕೇ ದಿನ ಅಲ್ವಾ? ಅವಳಿಗೆ ಅಭ್ಯಾಸ ಇದೆ."

"ಅದೇ ತೊಂದರೆ ಲೋಹಿತ್. ಅಭ್ಯಾಸ ಇದೆ."

ಅವನು ಫೋನನ್ನು ಕೆಳಗಿಟ್ಟ.

"ನೀನು ರೈಲೊಳಗೆ ಕೂತಿದ್ದಾಗ ಅವರು ಪ್ಲಾಟ್‌ಫಾರ್ಮಲ್ಲಿ ನಿಂತಿರ್ತಿದ್ರಲ್ಲ, ನೆನಪಿದೆಯಾ?" ಎಂದು ಅವಳು ಕೇಳಿದಳು.

"ಡಬ್ಬ ನೆನಪಿದೆ" ಎಂದ. "ಸ್ಟೀಲಿಂದು, ಮೇಲೆ ಅಜ್ಜನ ಹೆಸರು ಹಾಕ್ಸಿತ್ತು. ಅಮ್ಮನ ಮುಖ ನೆನಪಾಗ್ತಿಲ್ಲ." ಹಾಗೆಂದವನು ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದ. ಪ್ಯಾರಿಸ್ಸಿನ ಹೋಟೆಲಿನಿಂದ ಶುರುಮಾಡಿ ಒಂದೊಂದನ್ನೇ ರದ್ದು ಮಾಡುತ್ತಾ ಬಂದ. ಅರ್ಪಿತಾ ಆಚೆ ಹೋಗಿ ಇನ್ಯಾರಿಗೋ ಫೋನು ಮಾಡಿದಳು.

ಶನಿವಾರ ಬೆಳಿಗ್ಗೆ ರಾಸ್‌ಲೇರ್‌ಗೆ ಹೋಗುವುದೆಂದು ಆಯಿತು. ಡಬ್ಲಿನ್ನಿನಿಂದ ಸಮುದ್ರದ ಅಂಚು ಹಿಡಿದು ಹೋಗುವ ರೈಲು, ಐರ್ಲೆಂಡಿನೊಳಗೇ, ವೀಸಾ ಕೇಳುವವರಿಲ್ಲ. ನಾಗಮಣಿಯವರು ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರೆ ಸೊಸೆ ಅಡ್ಡ ನಿಂತಳು.

"ಇವತ್ತು ನೀವೇನೂ ಕಟ್ಟಬೇಡಿ ಅತ್ತೆ."

"ಊಟ ಇಲ್ದೆ ರೈಲು ಹತ್ತೋದಾ? ಹೊರಗಡೆ ಆ ಒಣಕಲು ಬ್ರೆಡ್ ತಿನ್ನೋಕೆ ನನ್ನ ಕೈಲಾಗಲ್ಲ."

"ಉಪವಾಸ ಕೆಡವಲ್ಲ, ಬನ್ನಿ."

ದಾರಿಯುದ್ದಕ್ಕೂ ಅವರು ಗೊಣಗಿದರು. ಕನೊಲಿ ಸ್ಟೇಷನ್ನಿನಲ್ಲಿ ಲೋಹಿತ್ ಅವರನ್ನು ಎಡಗಡೆಯ ಕಿಟಕಿಗೆ ಕೂರಿಸಿದ. ಬುತ್ತಿಯಿಲ್ಲ, ಚೀಲವಿಲ್ಲ, ತೊಡೆಯ ಮೇಲೆ ಮಲಗಿದ ಮಗುವಿಲ್ಲ. ಕೈ ಎಲ್ಲಿಡಬೇಕೆಂದೇ ಅವರಿಗೆ ತಿಳಿಯಲಿಲ್ಲ. ಒಮ್ಮೆ ಮಡಿಲಲ್ಲಿಟ್ಟರು, ಒಮ್ಮೆ ಸ್ವೆಟರಿನ ಗುಂಡಿ ಹಾಕಿ ಬಿಚ್ಚಿದರು. ಮನೆಗಳ ಹಿತ್ತಲುಗಳು ಮುಗಿದು ಇದ್ದಕ್ಕಿದ್ದಂತೆ ಸಮುದ್ರ ಪಕ್ಕಕ್ಕೇ ಬಂದಾಗ ಗೊಣಗಾಟ ನಿಂತಿತು. ಬ್ರೇ ದಾಟಿ ರೈಲು ಬೆಟ್ಟದ ಸುರಂಗಗಳಲ್ಲಿ ಹೊಕ್ಕು ಹೊರಬರುತ್ತಿದ್ದಾಗ ಅವರು ಪ್ರತಿ ಸಲವೂ ಕತ್ತಲಲ್ಲಿ ಉಸಿರು ಎಳೆದುಕೊಳ್ಳುವುದು ಅರ್ಪಿತಾಗೆ ಕೇಳುತ್ತಿತ್ತು.

"ಅಮ್ಮ, ಏಳು. ಬಾಗಿಲ ಹತ್ರ ಬಾ" ಎಂದ ಲೋಹಿತ್.

"ಆಗಲೇ ಇಳೀಬೇಕಾ?" ಅವರ ಮುಖ ಸಣ್ಣದಾಯಿತು.

"ಇಳಿಯೋದಲ್ಲ. ಸುಮ್ನೆ ನಿಂತ್ಕೋ."

ಗ್ರೇಸ್ಟೋನ್ಸ್ ಸ್ಟೇಷನ್. ಬಾಗಿಲು ತೆರೆದುಕೊಂಡಿತು. ಪ್ಲಾಟ್‌ಫಾರ್ಮಿನ ಆ ತುದಿಯಿಂದ ಒದ್ದೆ ಕೂದಲಿನ ಹುಡುಗಿಯೊಬ್ಬಳು, ಟವೆಲ್ಲಿನಲ್ಲಿ ಸುತ್ತಿದ ಡಬ್ಬ ಎದೆಗವಚಿಕೊಂಡು, ಒಂದೊಂದೇ ಬೋಗಿ ಇಣುಕುತ್ತಾ ಓಡಿಬರುತ್ತಿದ್ದಳು. ಐಶು. ತುಮಕೂರಿನವಳು, ಓದಲು ಬಂದು ಇಲ್ಲೇ ಕೆಲಸ ಹಿಡಿದವಳು, ಒಂದು ಕಾಲದಲ್ಲಿ ಅರ್ಪಿತಾಳ ಜೊತೆ ಒಂದೇ ಮನೆಯಲ್ಲಿದ್ದವಳು. ಆವತ್ತು ಅರ್ಪಿತಾ ಫೋನು ಮಾಡಿದ್ದು ಇವಳಿಗೇ.

"ಆಂಟಿ, ತಗೊಳ್ಳಿ. ಚಪಾತಿ, ಪಲ್ಯ" ಎಂದಳು ಏದುಸಿರಲ್ಲಿ. "ಚೆನ್ನಾಗಿಲ್ಲ ಅಂದ್ರೆ ಬೈಕೋಬೇಡಿ."

ನಾಗಮಣಿಯವರು ನಿಂತೇ ಇದ್ದರು. ಅವರ ಕೈ ಮೊದಲು ಕೊಡುವವರ ಕೈಯಂತೆಯೇ ಮೇಲಿನಿಂದ ಚಾಚಿತು, ಆಮೇಲೆ ಮೆಲ್ಲಗೆ ಅಂಗೈ ತಿರುಗಿಸಿತು. ಡಬ್ಬ ಬಿಸಿಯಾಗಿತ್ತು. ಅವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚುವ ಬೀಪ್ ಸದ್ದು ಶುರುವಾಯಿತು.

"ನಿಂದು ಊಟ ಆಯ್ತಾ ಮಗಳೇ?"

ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ಐಶು ಏನೋ ಅಂದಳು, ಕೇಳಿಸಲಿಲ್ಲ. ರೈಲು ಹೊರಟಿತು. ಅವಳು ಕೈಬೀಸುತ್ತಾ ನಿಂತಲ್ಲೇ ಚಿಕ್ಕವಳಾಗುತ್ತಾ ಹೋದಳು. ಪ್ಲಾಟ್‌ಫಾರ್ಮು ಮುಗಿದ ಮೇಲೂ ನಾಗಮಣಿಯವರು ಎತ್ತಿದ ಕೈ ಇಳಿಸಲಿಲ್ಲ. ಲೋಹಿತ್ ತಾಯಿಯ ಮುಖವನ್ನೇ ನೋಡುತ್ತಾ ಪಕ್ಕದಲ್ಲಿ ನಿಂತಿದ್ದ.

ಸೀಟಿಗೆ ಬಂದು ಅವರು ಟವೆಲ್ಲು ಬಿಚ್ಚಿ ಮುಚ್ಚಳ ತೆಗೆದರು. ಚಪಾತಿಗಳು ಒಂದೊಂದು ಒಂದೊಂದು ಆಕಾರದಲ್ಲಿದ್ದವು. ಮೇಲಿನದನ್ನು ತೆಗೆದು, ಅಭ್ಯಾಸಬಲದಿಂದ, ಮಡಿಸಿ ನೋಡಿದರು. ಅದು ಹಪ್ಪಳದಂತೆ ಎರಡು ತುಂಡಾಯಿತು.

ನಾಗಮಣಿಯವರು ಒಂದು ತುಂಡನ್ನು ಬಾಯಿಗಿಟ್ಟು, ಸಮುದ್ರದ ಕಡೆ ತಿರುಗಿ, ನಿಧಾನವಾಗಿ ಅಗಿಯತೊಡಗಿದರು.