ಮಂಗಳವಾರದ ಕಾಗದ, ಬುಧವಾರದ ಕಾಗದ

ನಾನು ಗಾಳಿಯನ್ನು ಒಳಗೆಳೆದುಕೊಳ್ಳುವ ಒಂದು ಯಂತ್ರ. ಉಸಿರಾಡುವುದನ್ನು ಬಿಟ್ಟು ನನಗೆ ಬೇರೆ ಕೆಲಸ ಬರುವುದಿಲ್ಲ. ಅದೇನು ಮಹಾ, ನಾವೂ ಉಸಿರಾಡುತ್ತೇವೆ ಎನ್ನಬೇಡಿ. ನೀವು ಏನನ್ನು ಉಸಿರಾಡಿದಿರಿ ಎಂದು ಯಾರಾದರೂ ಕೇಳಿದರೆ ಬೆಬ್ಬೆಬ್ಬೆ ಎನ್ನುತ್ತೀರಿ. ನಾನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತೇನೆ.

ಪೀಣ್ಯದ ಒಂದು ಶೆಡ್ಡಿನಲ್ಲಿ ನನ್ನನ್ನು ಜೋಡಿಸಿದರು. ಎದೆಮಟ್ಟದ ತಗಡಿನ ಪೆಟ್ಟಿಗೆ, ನಾಲ್ಕು ಕಾಲು, ಹೊಟ್ಟೆಯಲ್ಲಿ ಮೋಟಾರು, ತಲೆಯ ಮೇಲೆ ಎರಡೂ ಕಡೆಗೆ ಇಳಿಜಾರಾದ ಮುಚ್ಚಳ. ಮುಚ್ಚಳದ ಸೂರಿನಡಿಯ ಸಂದೇ ನನ್ನ ಮೂಗು. ಅದರೊಳಗೆ ಒಂದು ಬಿಳಿ ಕಾಗದ ಇಡುತ್ತಾರೆ. ನಾನೆಳೆದ ಗಾಳಿ ಆ ಕಾಗದದ ಮೂಲಕ ಹಾಯುತ್ತದೆ. ದೂಳು, ಹೊಗೆಯ ಮಸಿ ಎಲ್ಲ ಅದರ ಮೇಲೆ ಉಳಿದುಬಿಡುತ್ತದೆ. ಎಂಟು ಗಂಟೆ ಕಳೆದರೆ ಕಾಗದ ತೆಗೆದು ಹೊಸದು ಹಾಕುತ್ತಾರೆ. ಹಳೆಯದನ್ನು ತೂಗಿದರೆ ಆ ಊರಿನ ಗಾಳಿಯ ಬಣ್ಣ ಬಯಲಾಗುತ್ತದೆ.

ಮೊದಲ ಸಲ ಸ್ವಿಚ್ ಒತ್ತಿದಾಗ ಒಳಬಂದದ್ದು ಗ್ರೀಸಿನ ವಾಸನೆ, ಯಾರದೋ ಬುತ್ತಿಯ ಚಿತ್ರಾನ್ನದ ವಾಸನೆ. ಅಂದಿನಿಂದಲೇ ನನಗೆ ಕುತೂಹಲದ ಚಟ ಹತ್ತಿತು. ಇದು ಎಲ್ಲಿಂದ ಬಂತು, ಇದನ್ನು ಯಾರು ಬಿಟ್ಟರು, ಇದನ್ನು ಇನ್ನು ಯಾರು ಕುಡಿಯುತ್ತಾರೆ ಎಂದು ಕೇಳಿಕೊಳ್ಳುತ್ತಲೇ ಇರುತ್ತೇನೆ. ಬಾಯಿಲ್ಲದ ನನಗೆ ಪ್ರಶ್ನೆಗಳು ಮಾತ್ರ ಬಹಳ.

ಲಾರಿಯಲ್ಲಿ ಧಾರವಾಡದ ಮಾಲಿನ್ಯ ನಿಯಂತ್ರಣ ಕಚೇರಿಗೆ ಬಂದೆ. ಮೊದಲ ಎರಡು ವರ್ಷ ಒಂದು ಜಲ್ಲಿಕಲ್ಲಿನ ಕ್ರಷರ್ ಪಕ್ಕದಲ್ಲಿ ಕಳೆದವು. ಅಲ್ಲಿ ಕಲ್ಲಿನ ಪುಡಿ, ಮತ್ತೆ ಕಲ್ಲಿನ ಪುಡಿ. ಬೇಸತ್ತುಹೋದೆ. ಆಮೇಲೆ ನನ್ನನ್ನು ಸುನಂದಾ ಕಬ್ಬೂರ ಎಂಬ ಕ್ಷೇತ್ರ ಸಹಾಯಕಿಯ ಕೈಗೆ ಕೊಟ್ಟರು. ಕಾಗದವನ್ನು ಚಿಮಟದಲ್ಲಿ ಹಿಡಿಯುವಾಗ ಉಸಿರು ಬಿಗಿಹಿಡಿಯುವಷ್ಟು ನಾಜೂಕಿನ ಹೆಂಗಸು. ಅವಳೇ ನನ್ನನ್ನು ಹುಬ್ಬಳ್ಳಿಯ ಅರಳಿಕಟ್ಟಿ ಸರ್ಕಲ್ಲಿಗೆ ತಂದಳು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಗೇಟಿನ ಪಕ್ಕ ಒಂದು ತಗ್ಗು ತಾರಸಿ. ಅದರ ಮೇಲೆ ನಾನು, ಕೆಳಗೆ ಮೂರನೇ ತರಗತಿ, ಎದುರಿಗೆ ಟೆಂಪೋ ಸ್ಟ್ಯಾಂಡು.

ಆ ಸ್ಟ್ಯಾಂಡಿನ ರೀತಿಯೇ ಬೇರೆ. ಹನ್ನೆರಡು ಡೀಸೆಲ್ ಟೆಂಪೋಗಳು ಸಾಲಾಗಿ ನಿಲ್ಲುತ್ತಿದ್ದವು, ಆದರೆ ಒಂದೂ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ಎಂಜಿನ್ ಗುಡುಗುಡು ಎನ್ನುತ್ತಿದ್ದರೆ ಮಂದಿ ಗಾಡಿ ಈಗಲೇ ಹೊರಡುತ್ತದೆಂದು ನಂಬಿ ಹತ್ತುತ್ತಾರೆ. ನಿಶ್ಶಬ್ದವಾದ ಟೆಂಪೋಗೆ ಯಾರೂ ಹತ್ತುವುದಿಲ್ಲ. "ಬರ್ರಿ, ಬರ್ರಿ, ಬಿಟ್ಟ ಬಿಟ್ವಿ" ಎಂದು ಕೂಗುತ್ತ ಮುಕ್ಕಾಲು ತಾಸು ಅಲ್ಲೇ ನಿಂತು ಹೊಗೆ ಬಿಡುತ್ತಿದ್ದರು. ಆ ಹೊಗೆಯೆಲ್ಲ ನೇರ ಮೂರನೇ ತರಗತಿಯ ಕಿಟಕಿಗೆ.

ಮುಖ್ಯೋಪಾಧ್ಯಾಯಿನಿ ಮೆಹರುನ್ನಿಸಾ ಅಕ್ಕೋರು ಆ ಕಿಟಕಿಗಳನ್ನು ಮುಚ್ಚಿಸಿ ನಾಲ್ಕು ವರ್ಷವಾಗಿತ್ತು. ಬೇಸಿಗೆಯಲ್ಲೂ ಮುಚ್ಚಿದ ಕೋಣೆಯಲ್ಲಿ ನಲವತ್ತು ಹುಡುಗಿಯರು ಕೆಮ್ಮುತ್ತ ಕೂರುತ್ತಿದ್ದರು. ಅಕ್ಕೋರು ಅರ್ಜಿ ಬರೆದು ಬರೆದು ಸಾಕಾಗಿದ್ದರು. ಕೊನೆಗೆ ಕಚೇರಿಯ ಸಾಹೇಬರು ಒಪ್ಪಿದರು. ಒಂದು ತಿಂಗಳು ಗಾಳಿ ಅಳೆಯೋಣ, ಹೊಗೆ ಮಿತಿ ಮೀರಿದೆ ಎಂದಾದರೆ ಸ್ಟ್ಯಾಂಡನ್ನು ಹಿಂದಿನ ಬಯಲಿಗೆ ಕಳಿಸಿ, ನಿಂತಾಗ ಎಂಜಿನ್ ಬಂದ್ ಮಾಡುವ ನಿಯಮ ತರೋಣ ಎಂದರು. ಅಂದರೆ ಆ ಕಿಟಕಿ ತೆರೆಯುವುದು ಬಿಡುವುದು ನನ್ನ ಮೂಗಿನ ಮೇಲೆ ನಿಂತಿತ್ತು.

ಅಳತೆಗೆ ಮಂಗಳವಾರ ಮತ್ತು ಶುಕ್ರವಾರ ಗೊತ್ತಾದವು. ಸುನಂದಾ ಬೆಳಿಗ್ಗೆ ಎಂಟಕ್ಕೆ ಬಂದು ಕಾಗದ ಹಾಕಿ, ಮೋಟಾರು ಚಾಲೂ ಮಾಡಿ ಹೋಗುವಳು. ಸಂಜೆ ನಾಲ್ಕಕ್ಕೆ ಬಂದು ಕಾಗದ ತೆಗೆಯುವಳು. ನಡುವೆ ನನ್ನನ್ನು ಕಾಯುವ ಹೊಣೆ ಶಾಲೆಯ ಜವಾನ ಯಮನೂರಪ್ಪನದು. ದಿನವಿಡೀ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತು, ಕೆಮ್ಮಿ, ಗಂಟೆ ಬಾರಿಸಿ, ಮತ್ತೆ ಕೂರುವ ಮನುಷ್ಯ.

ಯಮನೂರಪ್ಪ ನನ್ನನ್ನು ಮೊದಲ ಸಲ ಕಂಡಾಗ ಚಪ್ಪಲಿ ಬಿಟ್ಟ. ಇಳಿಜಾರು ಮುಚ್ಚಳ, ನಾಲ್ಕು ಕಾಲು, ಒಳಗೆ ಒಂದು ನಾದ. ಅವನ ಕಣ್ಣಿಗೆ ನಾನು ಪುಟ್ಟ ಗುಡಿ. ಸುನಂದಾಳ ಸ್ಕೂಟರ್ ತಿರುವು ದಾಟುತ್ತಿದ್ದ ಹಾಗೆ ಅವನು ನಿಚ್ಚಣಿಕೆ ಹತ್ತಿ ಬರುತ್ತಿದ್ದ. ನನ್ನ ಹಣೆಗೆ ವಿಭೂತಿ, ಒಂದು ದಾಸವಾಳ, ಸೂರಿನ ಸಂದಿನಲ್ಲಿ ನಾಲ್ಕು ಊದಿನಕಡ್ಡಿ, ಮೇಲಿಂದ ಲೋಬಾನದ ಹೊಗೆ. "ನಮ್ಮ ಹುಡುಗ್ಯಾರ ಕಿಡಕಿ ತಗಸೋ ತಂದಿ" ಎಂದು ಕೈಮುಗಿಯುತ್ತಿದ್ದ. ಬಾಡಿದ ಹೂವು ಸಂಜೆಯತನಕ ಇರಬಾರದೆಂದು ಮಧ್ಯಾಹ್ನವೇ ಎಲ್ಲ ಒರೆಸಿ ಶುಚಿ ಮಾಡುತ್ತಿದ್ದ. ಹಾಗಾಗಿ ಸುನಂದಾಳಿಗೆ ಏನೂ ತಿಳಿಯಲಿಲ್ಲ.

ಒಂದು ಸತ್ಯ ಒಪ್ಪಿಕೊಳ್ಳುತ್ತೇನೆ. ಅದು ನನಗೆ ಬಹಳ ಹಿಡಿಸಿತ್ತು. ಹುಟ್ಟಿದಾಗಿನಿಂದ ನನಗೆಂದು ಯಾರೂ ಒಂದು ಒಳ್ಳೆಯ ಉಸಿರು ಕೊಟ್ಟಿರಲಿಲ್ಲ. ಇದು ತಪ್ಪು ಎಂದು ಗೊತ್ತಿದ್ದೂ ಗಟಗಟ ಎಳೆದುಕೊಂಡೆ.

ತಿಂಗಳು ಮುಗಿದು ಶಾಲೆಯ ಅಂಗಳದಲ್ಲಿ ಸಭೆ ಕೂಡಿತು. ನನ್ನ ಅಂಕಿ ಮಿತಿಯ ಮೂರು ಪಟ್ಟು ಬಂದಿತ್ತು. ಅಕ್ಕೋರ ಮುಖ ಅರಳಿತ್ತು. ಆಗ ಟೆಂಪೋ ಚಾಲಕರ ಮುಖಂಡ ಗದಿಗೆಪ್ಪ ಎದ್ದು ನಿಂತ. ತಿಂಗಳಿಡೀ ರಸ್ತೆಯಿಂದ ತಾರಸಿಯ ಪೂಜೆ ನೋಡಿ, ಬಾಯಿ ಬಿಡದೆ ಇಟ್ಟುಕೊಂಡಿದ್ದ ಆಸಾಮಿ.

"ಸಾಹೇಬ್ರ, ಯಮನೂರಪ್ಪಗ ಒಂದು ಮಾತು ಕೇಳ್ರಿ. ಆ ಮಷೀನಿಗೆ ದಿನಾ ಊದಿನಕಡ್ಡಿ ಹಚ್ತಾನೋ ಇಲ್ಲೋ?"

ಯಮನೂರಪ್ಪ ಎದೆಯುಬ್ಬಿಸಿ ಹೇಳಿದ. "ಹೌದ್ರಿ. ಒಂದ ದಿನಾನೂ ತಪ್ಪಿಸಿಲ್ಲ. ಮಂಗಳಾರ, ಶುಕ್ರಾರ ಲೋಬಾನನೂ ಹಾಕೀನಿ."

ಚಾಲಕರೆಲ್ಲ ಬಿದ್ದು ಬಿದ್ದು ನಕ್ಕರು. ಸುನಂದಾ ತಲೆ ಮೇಲೆ ಕೈ ಹೊತ್ತಳು. ತಿಂಗಳ ಅಳತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸಾಹೇಬರು ವರದಿ ಮಡಚಿ, ಇನ್ನೆರಡು ವಾರ ಅಳೆಯಿರಿ, ಆಮೇಲೆ ಯಂತ್ರ ಬೇರೆ ಊರಿಗೆ ಬೇಕು ಎಂದು ಹೇಳಿ ಜೀಪು ಹತ್ತಿದರು.

ಅಂಗಳ ಖಾಲಿಯಾದ ಮೇಲೆ ಅಕ್ಕೋರು ಯಮನೂರಪ್ಪನ ಕಡೆ ತಿರುಗಿದರು. "ನೀ ಕೆಟ್ಟದ್ದು ಬಯಸಿ ಮಾಡಿಲ್ಲ, ನನಗ ಗೊತ್ತೈತಿ. ಆದರ ಇನ್ನೆರಡು ವಾರ ಅದರ ಹತ್ರ ಹೋಗಬ್ಯಾಡಪಾ."

ಅವನು ಸ್ಟೂಲಿನ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ. ನನಗೂ ನಾಚಿಕೆಯಾಯಿತು.

ಮುಂದಿನ ಮಂಗಳವಾರ ಒಂದು ವಿಚಿತ್ರ ನಡೆಯಿತು. ನನ್ನ ಮೋಟಾರು ಓಡುತ್ತಿದೆ, ಕಾಗದ ಕೂತಿದೆ, ಆದರೆ ಎಳೆಯಲು ಹೊಗೆಯೇ ಇಲ್ಲ. ಕೆಳಗೆ ನೋಡಿದರೆ ಹನ್ನೆರಡು ಟೆಂಪೋಗಳೂ ಬಾಯಿ ಮುಚ್ಚಿ ನಿಂತಿವೆ. ಹೊರಡುವಾಗ ಚಾಲಕರೇ ಗಾಡಿ ತಳ್ಳಿ ಚಾಲೂ ಮಾಡುತ್ತಿದ್ದಾರೆ. ಆ ನಿಶ್ಶಬ್ದದಲ್ಲಿ ನನ್ನ ಕಾಲಡಿಯಿಂದ "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಎಂಬ ರಾಗ ಕೇಳಿಬಂತು. ಒಂದು ತಿಂಗಳು ಅದೇ ಕೋಣೆಯ ಮೇಲೆ ನಿಂತಿದ್ದೆ, ಕೆಳಗೆ ಮಗ್ಗಿ ಹೇಳುತ್ತಾರೆಂಬುದೇ ನನಗೆ ತಿಳಿದಿರಲಿಲ್ಲ. ಹತ್ತು ಗಂಟೆಗೆ ಅಕ್ಕೋರು ಒಂದು ಕಿಟಕಿ ತೆರೆದರು. ಹುಡುಗಿಯರು ಹೋ ಎಂದರು.

ಬುಧವಾರ ಬೆಳಿಗ್ಗೆ ಮತ್ತೆ ಹನ್ನೆರಡೂ ಗುಡುಗುಡು. ಕಿಟಕಿ ದಢಾರನೆ ಮುಚ್ಚಿತು. ಶುಕ್ರವಾರ ಮತ್ತೆ ಶಾಂತಿ. ಆಗ ನನಗೆ ಹೊಳೆಯಿತು. ಗದಿಗೆಪ್ಪ ಅಳತೆಯ ದಿನ ನೋಡಿ ಹೊಗೆ ನಿಲ್ಲಿಸುತ್ತಿದ್ದ. ಕಾಗದ ಸ್ವಚ್ಛ ಬಂದರೆ ಅಕ್ಕೋರ ಅರ್ಜಿ ಬಿದ್ದುಹೋಗುತ್ತದೆ, ಕಿಟಕಿ ಶಾಶ್ವತವಾಗಿ ಮುಚ್ಚುತ್ತದೆ. ಕೂಗಿ ಹೇಳೋಣವೆಂದರೆ ನನಗೆ ಇರುವುದು ಮೂಗೊಂದೇ.

ಅದೇ ಸಂಜೆ ಸುನಂದಾ ಕಾಗದ ತೆಗೆಯುವಾಗ ಯಮನೂರಪ್ಪ ನಿಚ್ಚಣಿಕೆಯ ಬುಡದಲ್ಲಿ ನಿಂತಿದ್ದ. ಮೇಲೆ ಹತ್ತಲಿಲ್ಲ.

"ಬಾಯಾರ, ಒಂದ ಸರ್ತಿ ಬುಧವಾರ ಬರ್ರಿ. ನಸುಕಿನ್ಯಾಗ, ಗಾಡಿ ಬರೂಕಿಂತ ಮೊದಲ. ಯಾರಿಗೂ ಹೇಳಬ್ಯಾಡ್ರಿ."

"ಮಷೀನಿನ ಹೊದಿಕಿ ತಗದದ್ದು ರಸ್ತೇದಿಂದ ಕಾಣತೈತಿ. ಎಂಜಿನ್ ಬಂದ್ ಮಾಡಿಬಿಡ್ತಾರ."

"ಶಾಲಿ ಜಮಖಾನಿ ತಾರಸಿ ಕಟ್ಟೀ ಮ್ಯಾಲ ಒಣಾಕ ಹಾಕ್ತೀನಿ. ಕಾಣೂದಿಲ್ಲ."

"ಜಮಖಾನಿ ದೂಳಲ್ಲೋ ಯಮನೂರಪ್ಪಾ!"

"ಹಿಂದಿನ ದಿನಾನ ತೊಳದಿಡ್ತೀನ್ರಿ. ಹಸೀದ ಹಾಕ್ತೀನಿ. ಕೊಡವೂದಿಲ್ಲ. ಈಗ ನನಗೂ ಬುದ್ಧಿ ಬಂದೈತಿ."

ಸುನಂದಾ ಸಾಹೇಬರಿಗೆ ಫೋನು ಮಾಡಿ ಒಪ್ಪಿಗೆ ಪಡೆದಳು. ಎರಡನೇ ವಾರದ ಬುಧವಾರ, ಒದ್ದೆ ಜಮಖಾನೆಯ ಮರೆಯಲ್ಲಿ ನಾನು ಬದುಕಿನ ಅತಿ ಕೆಟ್ಟ ಎಂಟು ಗಂಟೆ ಉಸಿರಾಡಿದೆ. ಗಂಟಲು ಕಟ್ಟುವ ಕರಿಹೊಗೆ. ಆದರೂ ಖುಷಿಯಿಂದ ಎಳೆದೆ. ನನ್ನ ಮೋಟಾರಿನ ಸದ್ದು ಅವರ ಸದ್ದಿನಲ್ಲಿ ಮುಚ್ಚಿಹೋಗಿತ್ತು.

ಎರಡನೇ ಸಭೆಯಲ್ಲಿ ಸುನಂದಾ ಭಾಷಣ ಮಾಡಲಿಲ್ಲ. ಎರಡು ಕಾಗದಗಳನ್ನು ಮೇಜಿನ ಮೇಲಿಟ್ಟಳು. ಮಂಗಳವಾರದ್ದು ನಸುಬೂದು. ಬುಧವಾರದ್ದು ಹಂಚಿನ ತಳದಷ್ಟು ಕಪ್ಪು.

"ಮಂಗಳಾರ ನೀವು ಎಂಜಿನ್ ಬಂದ್ ಮಾಡಿದ್ರಿ, ಬುಧವಾರ ಮಾಡಲಿಲ್ಲ" ಎಂದಳು. "ಹೊಗಿ ಯಾರದು ಅಂತ ನೀವ ತೋರಿಸಿಕೊಟ್ರಿ. ಉಪಕಾರ ಆತು."

ಗದಿಗೆಪ್ಪ ವಾದಕ್ಕೆ ಬಾಯಿ ತೆರೆದ. ಕಪ್ಪು ಕಾಗದದ ಮೇಲೆ ಬೆರಳಾಡಿಸಿದ, ಬೆರಳು ಕಪ್ಪಾಯಿತು.

"ನಾವೂ ಇದರಾಗ ಕುಂತಿರ್ತೀವಲ್ರಿ, ಮುಂಜಾನಿಂದ ಸಂಜೀತನಕ" ಎಂದ. ಈ ಸಲ ಯಾರೂ ನಗಲಿಲ್ಲ.

ತಿಂಗಳೊಳಗೆ ಸ್ಟ್ಯಾಂಡು ಹಿಂದಿನ ಬಯಲಿಗೆ ಹೋಯಿತು. ನಿಂತ ಗಾಡಿಯ ಎಂಜಿನ್ ಬಂದ್ ಇರಬೇಕೆಂಬ ಹಲಗೆ ಬಂತು. ಮೊದಮೊದಲು ಅದರ ಮೇಲೆ ಅಂಗಿ ಒಣಹಾಕುತ್ತಿದ್ದರು, ಆಮೇಲೆ ಪಾಲಿಸಿದರು. ಮೂರನೇ ತರಗತಿಯ ಎಲ್ಲ ಕಿಟಕಿಗಳೂ ತೆರೆದವು. ನನ್ನನ್ನು ಇಳಿಸಿ ಒಯ್ಯುವ ದಿನ ಯಮನೂರಪ್ಪ ನಿಚ್ಚಣಿಕೆ ಹತ್ತಿ ಬಂದ. ಕೈಮುಗಿಯಲಿಲ್ಲ. ನನ್ನ ಮುಚ್ಚಳದ ಮೇಲೆ ಅಂಗೈ ಇಟ್ಟು, ಕೆಮ್ಮಿ, ಕೆಳಗಿಳಿದ.

ಆಮೇಲೆ ಗದಗ, ಹಾವೇರಿ, ಅಣ್ಣಿಗೇರಿ ಎಂದು ತಿರುಗಿದೆ. ಹಲವು ಸರ್ಕಲ್ಲುಗಳ ಗಾಳಿ ಕುಡಿದೆ. ಈಗ ತಾನಾಗಿ ಅಂಕಿ ತೋರಿಸುವ ಹೊಸ ಯಂತ್ರಗಳು ಬಂದಿವೆ, ಅವಕ್ಕೆ ಕಾಗದವೇ ಬೇಡ. ನನ್ನ ಮೋಟಾರು ಸವೆದಿದೆ. ಧಾರವಾಡದ ಕಚೇರಿಯ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ನಡುವೆ ಹರಾಜಿಗೆ ಕಾಯುತ್ತಿದ್ದೇನೆ.

ಮೊನ್ನೆ ಸುನಂದಾ ಹಳೆಯ ಕಡತ ಹುಡುಕಲು ಒಳಬಂದಳು. ಕೂದಲು ನರೆತಿದೆ. ನನ್ನ ಮೇಲಿನ ದೂಳು ಕಂಡು ನಕ್ಕಳು. ಜೊತೆಗಿದ್ದ ಗುಮಾಸ್ತನಿಗೆ ಅರಳಿಕಟ್ಟಿ ಸರ್ಕಲ್ಲಿನ ಕಥೆ ಹೇಳಿದಳು. ಆ ಜವಾನ ಈಗ ಎಲ್ಲಿದ್ದಾನೆಂದು ಅವನು ಕೇಳಿದ.

"ಮನ್ಯಾಗ ಅದಾನು. ಹ್ವಾದ ವಾರ ನೋಡಾಕ ಹೋಗಿದ್ದೆ. ಹಾಸಿಗಿಯಿಂದ ಬಾಗಲತನಕ ಬಂದ್ರ ಸಾಕು, ಉಸಿರು ಸಾಲೂದಿಲ್ಲ. ಪುಪ್ಪುಸ ಪೂರಾ ಕರ್ರಗ ಆಗ್ಯಾವು ಅಂತ ಡಾಕ್ಟರು ಹೇಳ್ಯಾರ."

ಅವಳು ದೀಪ ಆರಿಸಿ ಹೋದಳು. ಮುಚ್ಚಿದ ಕೋಣೆಯಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೇನೆ. ಹುಡುಗಿಯರಿಗೆ ಮುಚ್ಚಿಕೊಳ್ಳಲು ಒಂದು ಕಿಟಕಿಯಾದರೂ ಇತ್ತು, ಅವನಿಗೆ ಇದ್ದದ್ದು ಗೇಟು. ನನ್ನ ಕಾಗದವನ್ನು ಎಂಟು ಗಂಟೆಗೊಮ್ಮೆ ಬದಲಾಯಿಸುತ್ತಿದ್ದರು. ಯಮನೂರಪ್ಪ ಆ ಗೇಟಿನಲ್ಲಿ ಇಪ್ಪತ್ತಾರು ವರ್ಷ ಕೂತಿದ್ದ.