ಹೊಕ್ಕುಳಿನ ಎಡಪಕ್ಕ

ಟೈಲರಿಗೆ ಆರು ವರ್ಷದಿಂದ ಇನ್ಸುಲಿನ್ ಚುಚ್ಚುತ್ತಿದ್ದವಳು ಅವನ ಹೆಂಡತಿ. ದಿನವೆಲ್ಲ ಸೂಜಿ ಹಿಡಿದೇ ಬದುಕುವ ಮನುಷ್ಯ ತನ್ನ ಪಾಲಿನ ಸೂಜಿ ಬಂದಾಗ ಮಾತ್ರ ಮುಖ ಅತ್ತ ತಿರುಗಿಸುತ್ತಿದ್ದ. ಈಗ ಅವಳ ಅಕ್ಕನಿಗೆ ಸೊಂಟದ ಆಪರೇಷನ್ ನಿಗದಿಯಾಗಿತ್ತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಸೋಮವಾರ ಹೊರಟರೆ ಎರಡು ತಿಂಗಳು ಅಲ್ಲೇ. ಅಷ್ಟರೊಳಗೆ ಗಂಡ ತಾನೇ ಚುಚ್ಚಿಕೊಳ್ಳುವುದನ್ನು ಕಲಿಯದಿದ್ದರೆ ಅವಳು ಹೊರಡುವ ಹಾಗಿರಲಿಲ್ಲ.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಪ್ರತಿ ಬುಧವಾರ ಸಕ್ಕರೆ ಕಾಯಿಲೆಯವರಿಗೆ ಪಾಠ. ಅಂದು ಐದು ಜನ ಬಂದಿದ್ದರು. ನರ್ಸ್ ಎಲ್ಲರ ಕುರ್ಚಿಯನ್ನೂ ಫ್ಯಾನಿನ ಕೆಳಗೆ ಹಾಕಿಸಿ, ತಾನು ಬಿಸಿಲು ಬೀಳುವ ಕಡೆ ಕೂತಳು.

"ಎಲ್ಲಿಗೆ ಚುಚ್ಕೋತೀರಿ, ತೋರಿಸಿ."

ಟೈಲರ್ ಅಂಗಿ ಎತ್ತಿದ. ಹೊಕ್ಕುಳಿನ ಎಡಪಕ್ಕ ನಿಂಬೆಹಣ್ಣಿನಷ್ಟು ದಪ್ಪ ಗಂಟು.

"ಯಾವಾಗ್ಲೂ ಇಲ್ಲಿಗೇನಾ?"

"ಅಲ್ಲಿ ಇವರಿಗೆ ನೋವೇ ಆಗಲ್ಲ ಸಿಸ್ಟರ್," ಎಂದಳು ಹೆಂಡತಿ. "ಬೇರೆ ಕಡೆಯಾದ್ರೆ ಮುಖ ಕಿವುಚ್ತಾರೆ. ಅದಕ್ಕೇ ಹುಡುಕಿ ಹುಡುಕಿ ಅಲ್ಲಿಗೇ ಹಾಕ್ತೀನಿ."

ನರ್ಸ್ ಗಂಟನ್ನು ಮೆಲ್ಲಗೆ ಒತ್ತಿ ನೋಡಿದಳು. ಒಂದೇ ಕಡೆ ಚುಚ್ಚಿ ಚುಚ್ಚಿ ಒಳಗಿನ ಕೊಬ್ಬು ಗಟ್ಟಿಯಾಗಿದೆ, ಜಾಗ ಮರಗಟ್ಟಿದೆ, ಔಷಧಿ ಒಂದು ದಿನ ಹಿಡಿದರೆ ಇನ್ನೊಂದು ದಿನ ಹಿಡಿಯುವುದಿಲ್ಲ, ಡೋಸ್ ಏರಿಸಿದರೂ ಸಕ್ಕರೆ ಇಳಿಯದ್ದು ಇದಕ್ಕೇ ಎಂದು ವಿವರಿಸಿದಳು. ಹೇಳುವಷ್ಟು ಹೊತ್ತೂ ಹೆಂಡತಿಯ ಕಡೆ ನೋಡಲಿಲ್ಲ. "ನಾವು ಮುಟ್ಟಿ ನೋಡಬೇಕಿತ್ತು. ನೋಡಲಿಲ್ಲ," ಎಂದು ಸೇರಿಸಿದಳು.

"ನಾನೇ ಕೆಡಿಸಿಬಿಟ್ಟೆ," ಎಂದಳು ಹೆಂಡತಿ, ಕೈಚೀಲದ ಹಿಡಿ ತಿರುಚುತ್ತ.

"ಸುಮ್ನಿರೇ. ಒಂದೇ ಕಡೆ ಬಿಚ್ಚಿ ಬಿಚ್ಚಿ ಹೊಲಿದ್ರೆ ಬಟ್ಟೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ವಾ? ಹೊಟ್ಟೆ ನನ್ನದು ತಾನೇ?"

"ಜಾಗಕ್ಕೇನೂ ಬರ ಇಲ್ಲ ಬಿಡಿ," ಎಂದ ಪಕ್ಕದಲ್ಲಿದ್ದ ರಿಟೈರ್ಡ್ ಪೋಸ್ಟ್‌ಮ್ಯಾನ್, ಟೈಲರ್ ಹೊಟ್ಟೆಯನ್ನು ಅಳೆಯುವಂತೆ ನೋಡುತ್ತ. ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ.

ಹೊಸ ಜಾಗದಲ್ಲಿ ಔಷಧಿ ಪೂರ್ತಿ ಹಿಡಿದು ಸಕ್ಕರೆ ತೀರಾ ಕುಸಿಯಬಹುದೆಂದು ಡಾಕ್ಟರು ಡೋಸ್ ಇಳಿಸಿದರು. ಶನಿವಾರದವರೆಗೆ ದಿನವೂ ನರ್ಸ್ ಎದುರಿಗೇ ಚುಚ್ಚಿಕೊಳ್ಳಬೇಕೆಂದಾಯಿತು.

ಗುರುವಾರ ಅವನು ಸಿರಿಂಜ್ ಹಿಡಿದು ಮುಖ ಅತ್ತ ತಿರುಗಿಸಿದ, ನರ್ಸೇ ಚುಚ್ಚಿದಳು. ಶುಕ್ರವಾರ ಅವನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹೊಟ್ಟೆಯ ಮೇಲೆ ಗೆರೆ ಎಳೆಯಹೊರಟ. ನರ್ಸ್ ಅದನ್ನು ಕಿತ್ತುಕೊಂಡು, "ಕಾಗದದ ಮೇಲೆ ಬರೀರಿ, ಮಾರಾಯ್ರೇ!" ಎಂದಳು. ಶನಿವಾರ ಅವನು ಅಂಗಿಯ ಅಳತೆಗೆ ಕತ್ತರಿಸುವ ಕಂದು ಕಾಗದ ತಂದ. ಅದರಲ್ಲಿ ತನ್ನದೇ ಹೊಟ್ಟೆ, ಬೆರಳಗಲದ ಚೌಕಗಳು, ಒಂದೊಂದಕ್ಕೂ ಒಂದೊಂದು ತಾರೀಖು. ಗಂಟಿನ ಜಾಗಕ್ಕೆ ಅಡ್ಡಗೆರೆ ಹೊಡೆದಿದ್ದ. ಅಂದಿನ ಚೌಕವನ್ನು ನೋಡಿಕೊಂಡು, ಮಡಿಕೆ ಹಿಡಿಯುವ ಹಾಗೆ ಚರ್ಮ ಹಿಡಿದು ಚುಚ್ಚಿಕೊಂಡ. ನರ್ಸ್ ಆ ಕಾಗದವನ್ನು ಪೋಸ್ಟ್‌ಮ್ಯಾನಿಗೂ ತೋರಿಸುತ್ತೇನೆಂದು ಹೇಳಿ, ಅದರ ನಕಲು ತೆಗೆದಿಟ್ಟುಕೊಂಡಳು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಅವನು ಸಿರಿಂಜ್ ತುಂಬಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಹೆಜ್ಜೆ ಒಳಗೆ ಇಟ್ಟವಳು ಅಲ್ಲೇ ನಿಂತಳು. ಸೂಜಿ ಹೊರಬಂದಿತು.

"ನೋವಾಯ್ತಾ?"

"ಆಯ್ತು," ಎಂದ. "ಬಟ್ಟೆ ತುಂಬ್ಕೋ. ಹತ್ತರೊಳಗೆ ನಾಳೆಗೆ ಟಿಕೆಟ್ ಮಾಡಿಸ್ಕೊಂಡು ಬರ್ತೀನಿ."